ಬೆಳ್ಳುಳ್ಳಿ ಇಲ್ಲದ ಚಟ್ನಿ

ಗೋದಾಮಿನಲ್ಲಿ ಕೆಲಸಕ್ಕಿದ್ದ ನೀಲಪ್ಪ ತಂದುಕೊಟ್ಟ ಡಬ್ಬಿಯಲ್ಲಿ ಸತ್ತ ನುಸಿಗಳಿದ್ದವು. ಗೋದಾಮಿನ ನೆಲದಿಂದ ಗುಡಿಸಿ ತುಂಬಿದ್ದರಿಂದ ಗೋಧಿಯ ಹೊಟ್ಟು, ಧೂಳು, ಚೀಲದ ದಾರದ ಎಳೆಗಳೂ ಇದ್ದವು.

“ಸಾವಕಾರ ಕಳಸ್ಯಾರ್ರಿ,” ಎಂದ. “ನುಸಿ ಸಾಯಾಕ ಗೋಧ್ಯಾಗ ಇಡೂ ಗುಳಿಗಿ ಖರೇವು ಅದಾವೋ ಖೋಟಾ ಅದಾವೋ, ನೀವು ನೋಡಿ ಹೇಳಬೇಕಂತ.”

“ಇವು ಸತ್ತಾವಲ್ಲ. ಮತ್ತ ಗುಳಿಗಿ ಖೋಟಾ ಹೆಂಗ ಆದಾವು?”

“ಸತ್ತಾವ್ರಿ. ಆದ್ರ ಗೋಧ್ಯಾಗ ಮತ್ತ ಅಷ್ಟ ಆಕ್ಕಾವು. ಎಲ್ಲಿಂದ ಬರ್ತಾವೋ ಗೊತ್ತಾಗವಲ್ದು.”

ನಾನು ಕೈ ಚಾಚಲಿಲ್ಲ. ಅತ್ತೆ ಒಳಗಿನಿಂದ ಬಂದು ಡಬ್ಬಿ ಇಸಿದುಕೊಂಡರು.

“ನೋಡ್ತಾಳ ತಗೋಪಾ. ನಾಳಿ ಬಾ,” ಎಂದರು. ನನ್ನನ್ನು ಕೇಳಲಿಲ್ಲ.

ನನ್ನ ಗಂಡ ಅಂಬರೀಷ ಹೋಗಿ ಒಂದು ವರ್ಷವಾಗುತ್ತ ಬಂದಿತ್ತು. ಶಾಲೆ ಮುಗಿಸಿ ಬರುವಾಗ, ಬೈಪಾಸಿನಲ್ಲಿ, ಲಾರಿ. ಆಮೇಲೆ ನಾನು ನವನಗರದ ಈ ಮನೆಯಿಂದ ಹೆಚ್ಚು ಹೊರಗೆ ಹೋಗಿರಲಿಲ್ಲ. ಅತ್ತಿರಲಿಲ್ಲ. ಜನ ಅದನ್ನು ಧೈರ್ಯ ಎಂದರು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದ್ದೆ, ಕಾಳು ತಿನ್ನುವ ಕೀಟಗಳ ಮೇಲೆ ಕೆಲಸ ಮಾಡಿದ್ದೆ. ಅದನ್ನು ಅತ್ತೆ ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದರು. ಅದಕ್ಕೇ ಡಬ್ಬಿ ಬಂದಿತ್ತು.

ಅತ್ತೆಯ ಹೆಸರು ಕಸ್ತೂರೆವ್ವ. ಮಗ ಹೋದ ಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ. ಅಮರಗೋಳದಲ್ಲಿ ನೀಲಪ್ಪನ ಸಾವಕಾರ ರಾಜಶೇಖರ ಎಂಬ ವ್ಯಾಪಾರಿಯ ಗೋದಾಮು ಇದೆ. ಅದರ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದು, ರೆಹಮತ್‌ಬಿ ಎಂಬ ಗೆಳತಿಯನ್ನು ಜೊತೆಗಿಟ್ಟುಕೊಂಡು, ಶೇಂಗಾ, ಅಗಸಿ, ಗುರೆಳ್ಳು ಚಟ್ನಿ ಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದರು. ಅವರ ಸೀರೆ, ಕೂದಲು, ಕೈಚೀಲ ಎಲ್ಲಕ್ಕೂ ಬೆಳ್ಳುಳ್ಳಿಯ ವಾಸನೆ. ಅವರು ಬಂದದ್ದು ಬಾಗಿಲು ಬಡಿಯುವ ಮೊದಲೇ ಗೊತ್ತಾಗುತ್ತಿತ್ತು.

ನುಸಿಗಳನ್ನು ಬಿಳಿ ತಾಟಿನಲ್ಲಿ ಸುರಿದು ಕಿಟಕಿಯ ಬಳಿ ಇಟ್ಟೆ. ಭೂತಗನ್ನಡಿ ಹುಡುಕುವ ಮನಸ್ಸಾಗಲಿಲ್ಲ. ಬರಿಗಣ್ಣಿಗೇ ತಿಳಿಯುತ್ತಿತ್ತು: ಕಂದು ಬಣ್ಣ, ಉರುಟು ಮೈ, ತಲೆ ಎದೆಯ ಕೆಳಗೆ ಮಡಚಿಕೊಂಡಿದೆ. ಗೋಧಿಯ ಕಾಳು ಕೊರೆದು ಒಳಗೇ ಬೆಳೆಯುವ ಜಾತಿ. ಕಾಲು ಮಡಚಿ, ಮಗುಚಿ ಬಿದ್ದಿದ್ದವು. ಒಂದನ್ನು ಸೂಜಿಯಿಂದ ತಿರುವಿದೆ. ಅಲುಗಲಿಲ್ಲ.

ಮಧ್ಯಾಹ್ನ ಊಟ ಮಾಡಿ ಬಂದು ನೋಡಿದಾಗ ತಾಟಿನ ಅಂಚಿನಲ್ಲಿ ಒಂದು ನಡೆಯುತ್ತಿತ್ತು. ಉಳಿದವುಗಳಲ್ಲಿ ಕೆಲವು ಕಾಲು ಬಿಚ್ಚುತ್ತಿದ್ದವು. ನಾನು ಕುರ್ಚಿ ಎಳೆದುಕೊಂಡು ಕೂತೆ. ಸಂಜೆಯೊಳಗೆ ಅರ್ಧದಷ್ಟು ಎದ್ದಿದ್ದವು. ಅವಸರವಿರಲಿಲ್ಲ. ಏನೂ ಆಗಿಲ್ಲವೆಂಬಂತೆ ಹೊಟ್ಟಿನಲ್ಲಿ ಕಾಳು ಹುಡುಕುತ್ತಿದ್ದವು.

ಅತ್ತೆ ಬಂದು ಭುಜದ ಮೇಲಿಂದ ನೋಡಿದರು.

“ಅಯ್ಯ, ಸತ್ತಾವ ಅಂದಿದ್ನಲ್ಲ ಅಂವ!”

“ಸತ್ತಿದ್ದಿಲ್ರಿ ಅತ್ತಿ. ಜೋಮು ಹಿಡದಿತ್ತು.”

“ಹಂಗಾರ ನಿನ್ನಂಗ ಅದಾವ ಇವು,” ಎಂದರು. “ಸತ್ತಂಗ ಬಿದ್ದಿರ್ತಾವ. ಹೊಟ್ಟಿ ಹಸದ್ರ ಏಳ್ತಾವ.” ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. “ಏಳು. ರೊಟ್ಟಿ ಬಡೀತೇನಿ, ಬಿಸೀವ ಉಣ್ಣು.”

ಮರುದಿನ ನನ್ನನ್ನು ಆಟೋದಲ್ಲಿ ಕೂರಿಸಿ ಕರೆದುಕೊಂಡು ಹೋದರು. ಹೋಗುವುದಿಲ್ಲ ಎಂದು ಹೇಳುವುದಕ್ಕೂ ಒಂದು ಶಕ್ತಿ ಬೇಕು.

ಗೋದಾಮು ಉದ್ದವಾಗಿತ್ತು. ತಗಡಿನ ಚಾವಣಿಯವರೆಗೆ ಗೋಧಿಯ ಚೀಲಗಳು. ಬಿಸಿಲು ಇನ್ನೂ ಏರಿರಲಿಲ್ಲ, ಆದರೂ ಒಳಗೆ ಒಲೆಯ ಮುಂದೆ ನಿಂತಂತೆ. ಬೇಸಿಗೆ ಈ ಹುಳುಗಳ ಕಾಲ. ಸೆಕೆ ಏರಿದಷ್ಟೂ ಅವುಗಳ ಸಂಸಾರ ಬೇಗ ಬೆಳೆಯುತ್ತದೆ. ಚೀಲಕ್ಕೆ ಕಿವಿ ಹಚ್ಚಿದೆ. ಒಳಗೆ ಸಣ್ಣದೊಂದು ಸದ್ದಿತ್ತು. ದೂರದಲ್ಲಿ ಯಾರೋ ಕಾಗದ ಮುದುಡುತ್ತಿರುವಂತೆ.

ರಾಜಶೇಖರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ನಗುಮುಖದ ಮನುಷ್ಯ.

“ಬರ್ರಿ ಅಕ್ಕಾರ. ಹೇಳ್ರಿ, ಗುಳಿಗಿ ಖೋಟಾ ಅದಾವ ಹೌದಲ್ಲೋ? ಗುಳಿಗಿ ಕೊಟ್ಟ ಅಂಗಡಿಯವನ ಹಣೇಬರಾನ ಹಂಗ.”

“ಗುಳಿಗಿ ಖರೇ ಅದಾವ್ರಿ. ಹುಳಾನ ಬದಲಾಗ್ಯಾವು.”

“ಅಂದ್ರ?”

ಬಹಳ ದಿನಗಳಿಂದ ಇಷ್ಟು ಮಾತಾಡಿರಲಿಲ್ಲ. ವರ್ಷಾನುಗಟ್ಟಲೆ ಒಂದೇ ಗುಳಿಗೆ ಇಟ್ಟಿದ್ದೀರಿ, ತಾಳಿಕೊಂಡವು ಉಳಿದವು, ಈಗ ಇರುವುದು ಅವುಗಳ ಮಕ್ಕಳು ಮೊಮ್ಮಕ್ಕಳು ಎಂದೆ. ಗುಳಿಗೆಯಿಂದ ಬರುವ ಅನಿಲ ಅವುಗಳ ಉಸಿರಿನಿಂದ ಒಳಗೆ ಹೋಗಬೇಕು. ಒಮ್ಮೆಲೇ ಬಹಳ ಬಂದರೆ ಅವು ಜೋಮು ಹಿಡಿದು ಬೀಳುತ್ತವೆ, ಉಸಿರಾಟ ಇಳಿಯುತ್ತದೆ, ವಿಷ ಒಳಗೆ ಹೋಗುವುದೂ ಇಳಿಯುತ್ತದೆ. ನೀವು ಬಾಗಿಲು ತೆರೆದು ಗಾಳಿ ಆಡಿದ ಮೇಲೆ ಏಳುತ್ತವೆ.

“ಏ ಇವನೌನ,” ಎಂದು ನಕ್ಕು, ಅತ್ತೆಯನ್ನು ಕಂಡು ನಾಲಿಗೆ ಕಚ್ಚಿಕೊಂಡರು. “ಹುಳಕ್ಕಿರೂ ಬುದ್ಧಿ ನಮ್ಮ ಹಮಾಲರಿಗೆ ಇಲ್ಲ ನೋಡ್ರಿ. ಹಂಗಾರ ಡಬಲ್ ಇಡಸೂಣೇನು?”

“ಬ್ಯಾಡ್ರಿ. ಹೆಚ್ಚ ಇಟ್ಟಷ್ಟೂ ಲಗೂ ಜೋಮು ಹಿಡೀತಾವು. ಎಷ್ಟ ಇಡಬೇಕೋ ಅಷ್ಟ ಇಡ್ರಿ. ಚೀಲಕ್ಕ ತಾಡಪತ್ರಿ ಹೊದಿಸಿ ಸಂದಿ ಇಲ್ಲದಂಗ ಮುಚ್ಚಿ ಭಾಳ ದಿನ ಇಡಬೇಕು. ನೀವು ಶನಿವಾರ ಇಟ್ಟು ಸೋಮವಾರ ತಗದ್ರ ಆಗಂಗಿಲ್ಲ.”

“ಲಾರಿ ನಿಂತಿರ್ತಾವ್ರಿ ಅಕ್ಕಾರ.”

“ಇನ್ನೊಂದ ಮಾತು,” ಎಂದೆ. ಗೋದಾಮಿನ ಹಿಂಬದಿಯ ಗೋಡೆ ತೋರಿಸಿದೆ. ಅತ್ತೆಯ ಕೋಣೆ ಮೊದಲು ಈ ಗೋದಾಮಿನದೇ ಭಾಗವಾಗಿತ್ತು. ನಡುವೆ ಆಮೇಲೆ ಗೋಡೆ ಎಬ್ಬಿಸಿದ್ದರು. ಗೋಡೆ ಚಾವಣಿಯವರೆಗೆ ಹೋಗಿರಲಿಲ್ಲ. ಮೇಲೆ ಉಳಿದ ಸಂದಿಗೆ ಹಳೆಯ ಗೋಣಿಚೀಲ ತುರುಕಿದ್ದರು. “ಅದನ್ನ ಗಾರೆ ಹಾಕಿ ಮುಚ್ಚಸ್ರಿ. ಅಲ್ಲೀ ತನಕ, ಗುಳಿಗಿ ಇಟ್ಟ ದಿನದಿಂದ ಬಾಗಲಾ ತಗದು ಗಾಳಿ ಆಡೂ ತನಕ ಆ ಕಡೆ ಯಾರೂ ಇರಬಾರದು. ಅತ್ತಿಗೆ ಮೊದಲ ಹೇಳ್ರಿ.”

“ಆತ್ರಿ. ಹೇಳೇ ಇಡ್ತೀವಿ.”

“ಮನಷ್ಯಾರಿಗೆ ಉಸಿರು ಕಡಿಮಿ ಮಾಡಿಕೊಂಡು ಕಾಯಾಕ ಬರೂದಿಲ್ರಿ.”

“ಛೇ, ಅಷ್ಟ ಗೊತ್ತಾಗೂದಿಲ್ಲೇನ್ರಿ ನಮಗ!” ಎಂದರು. ಅವರ ನಗು ಹಾಗೇ ಇತ್ತು. ಅತ್ತೆಗೆ ಚಹಾ ತರಿಸಿದರು.

ಬರುವಾಗ ಅತ್ತೆ ಆಟೋದಲ್ಲಿ ನನ್ನ ಕಡೆ ನೋಡುತ್ತಲೇ ಇದ್ದರು.

“ಬಾಯಿ ಐತಿ ನಿನಗ,” ಎಂದರು. “ನಾ ಮರ್ತ ಬಿಟ್ಟಿದ್ನೆವಾ.”

ಆ ವಾರ ಅತ್ತೆಗೆ ದೊಡ್ಡ ಕೆಲಸವೊಂದು ಸಿಕ್ಕಿತು. ಧಾರವಾಡದ ತಾರಾಬಾಯಿ ಎಂಬ ಹಿರಿಯರ ಮನೆಯಲ್ಲಿ ಮೊಮ್ಮಗ ಕಪಿಲನ ಮುಂಜಿವಿ, ಜನಿವಾರ ಹಾಕುವ ಶಾಸ್ತ್ರ. ಬಂದವರಿಗೆಲ್ಲ ಕೈಗೆ ಕೊಡಲು ಶೇಂಗಾ ಚಟ್ನಿ ಪೊಟ್ಟಣ ಬೇಕು, ಆದರೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸಬಾರದು. ಅವರು ಅಂಗಡಿಯಿಂದ ಅತ್ತೆಯ ಚಟ್ನಿ ಕೊಂಡು ತಿಂದು, ನಂಬರ್ ಹುಡುಕಿ ತಾವಾಗಿ ಫೋನು ಮಾಡಿದ್ದರು. ಅತ್ತೆ ಅಂದು ಎರಡು ಸಲ ಚಹಾ ಮಾಡಿ ಕುಡಿದರು.

“ಅವರ ಮುಂಜಿವ್ಯಾಗ ನಮ್ಮ ಕೈ ಚಟ್ನಿ,” ಎಂದರು. “ನಮ್ಮವ್ವ ಇದ್ದಿದ್ರ ನಂಬ್ತಿದ್ದಿಲ್ಲ. ಆವಾಗ ಅಂಥಾ ಓಣ್ಯಾಗ ನೀರ ಕೇಳಿದ್ರ ಮ್ಯಾಲಿಂದ ಸುರುವ್ತಿದ್ರು, ಅವ್ವ ಬೊಗಸಿ ಹಿಡದು ಕುಡೀತಿದ್ಲು.”

ಶನಿವಾರ ಅತ್ತೆ ಮತ್ತು ರೆಹಮತ್‌ಬಿ ಸೇರಿ ಕೋಣೆ ತೊಳೆದರು. ಬೆಳ್ಳುಳ್ಳಿಯ ಬುಟ್ಟಿಗಳನ್ನು ರೆಹಮತ್‌ಬಿ ಮನೆಗೆ ಸಾಗಿಸಿದಳು. ಪುಡಿ ಮಾಡುವ ಯಂತ್ರದ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗಿಟ್ಟರು. ಗೋಡೆಗೆ ಸುಣ್ಣ ಹೊಡೆಸಿದರು. ಸಂಜೆ ಬೀಗ ಹಾಕಿ ಬಂದರು. ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಹೊಸ ಸೀರೆ ಉಟ್ಟುಕೊಂಡು ಹೋದರು.

ಸಂಜೆ ಬಂದಾಗ ಚಪ್ಪಲಿಯನ್ನು ಬಾಗಿಲಲ್ಲಿ ಎಸೆದರು.

“ಏನಾತ್ರಿ ಅತ್ತಿ?”

“ಬಂದಿದ್ಲು ನಿನ್ನ ತಾರಾಬಾಯಿ. ಹೆಂಗ ಮಾಡಾಕತ್ತೇವಿ ನೋಡಬೇಕಂತ. ಬರ್ರಿ ಬಾಯಾರ ಅಂತ ಕುರ್ಚಿ ಒರಸಿ ಹಾಕಿದೆ. ಕುಂದರಲಿಲ್ಲ. ಒಳಗ ಕಾಲ ಇಟ್ಟಾಕಿನ ಮೂಗಿಗೆ ಸೆರಗ ಹಿಡದ್ಲು.” ಅತ್ತೆ ಸೆರಗು ಹಿಡಿದು, ಕತ್ತು ಓರೆ ಮಾಡಿ, ದನಿ ಸಣ್ಣ ಮಾಡಿದರು. “‘ಕಸ್ತೂರೆವ್ವನವರ, ಬೆಳ್ಳುಳ್ಳಿ ವಾಸನಿ ಭಾಳ ಬರಲಿಕತ್ತದಲ್ರೀ. ಇಲ್ಲೆ ಮಾಡಿದ್ರ ನಮಗ ನಡಿಯೂದಿಲ್ರಿ. ತಪ್ಪ ತಿಳೀಬ್ಯಾಡ್ರಿ.’ ತಪ್ಪ ತಿಳೀಬಾರದಂತ!”

“ಖರೇನ ವಾಸನಿ ಇತ್ತೇನ್ರಿ?”

ಅತ್ತೆ ನನ್ನನ್ನೇ ನೋಡಿದರು.

“ನೀನೂ ಕೇಳ್ತೀ.”

“ಹಂಗಲ್ರಿ. ಮಷಿನ್ನಿನ್ಯಾಗ ಉಳದಿರಬಹುದು ಅಂತ.”

“ಒಂದ ಎಸಳ ಇಲ್ಲ ಆ ಕ್ವಾಣ್ಯಾಗ. ರೆಹಮತ್‌ಬೀನ್ನೂ ಕೇಳಿದೆ, ನಿನ್ನ ಮೂಗಿಗೆ ಬರ್ತೈತೇನ ಅಂತ. ‘ನಮಗ ಯಾವಾಗ ಬರೂದಿಲ್ಲ ಹೇಳು ಕಸ್ತೂರಕ್ಕ? ನಾವ ಬೆಳ್ಳುಳ್ಳಿ ಆಗೇವಿ’ ಅಂದ್ಲು. ನಗಿಗೆ ಅಂದ್ಲು. ಆದ್ರ ಆ ಬಾಯಿ ನಗಲಿಲ್ಲ. ಅಕಿಗೆ ಬಂದಿದ್ದು ಬೆಳ್ಳುಳ್ಳಿ ವಾಸನಿ ಅಲ್ಲ, ನಮ್ಮ ವಾಸನಿ. ಹುಟ್ಟಿದಾಗಿಂದ ಕೇಳೇನಿ ಇದನ್ನ. ಹೆಸರ ಬ್ಯಾರೆ ಬ್ಯಾರೆ ಹೇಳ್ತಾರ, ಅಷ್ಟ. ನಾಳಿ ಅದ ಕ್ವಾಣ್ಯಾಗ ಮತ್ತ ಮಾಡಿ, ತಂದು ಅಕಿ ಮುಂದ ಇಡ್ತೇನಿ.”

ಆಮೇಲೆ ಹಣೆ ಒತ್ತಿಕೊಂಡು ಕೂತರು. ತಲೆ ಭಾರ ಎಂದರು, ಹೊಟ್ಟೆ ತೊಳಸುತ್ತಿದೆ ಎಂದರು. ಊಟ ಬೇಡ ಎಂದರು. ಸಿಟ್ಟಿಗೆ ಹಾಗಾಗಿದೆ ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಮಂಗಳವಾರ ನಾನು ಏಳುವ ಮೊದಲೇ ಅವರು ಹೋಗಿದ್ದರು.

ಬಟ್ಟೆ ಒಣಹಾಕುತ್ತಿದ್ದಾಗ ನೀಲಪ್ಪನ ಫೋನು ಬಂತು.

“ಅಕ್ಕಾರ, ಸಾವಕಾರ ಕೇಳು ಅಂದ್ರು. ತಾಡಪತ್ರಿ ಯಾವಾಗ ತಗೀಬೇಕ್ರಿ?”

“ಯಾವ ತಾಡಪತ್ರಿ?”

“ಗುಳಿಗಿ ಇಟ್ಟೇವಲ್ರಿ. ನೀವು ಹೇಳಿದಂಗ ಭಾಳ ದಿನ ಮುಚ್ಚಿಟ್ಟೇವಿ.”

“ಯಾವಾಗ ಇಟ್ರಿ?”

“ಶನಿವಾರ ಸಂಜಿಕೆ. ಎಲ್ಲಾರೂ ಹೋದ ಮ್ಯಾಲೆ. ಈ ಸಲ ಒಂದೂ ಉಳಿಯಂಗಿಲ್ರಿ. ಸಾವಕಾರ ಎಲ್ಲಾ ಡಬಲ್ ಇಡಿಸ್ಯಾರ.”

ಒದ್ದೆ ಬಟ್ಟೆ ನನ್ನ ಕೈಯಲ್ಲಿತ್ತು. ಅದರಿಂದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

“ಅತ್ತಿಗೆ ಹೇಳೀರೇನು?”

“ಅವರದು ಬ್ಯಾರೆ ಬಾಗಲಾ ಅಲ್ರಿ,” ಎಂದ ನೀಲಪ್ಪ.

ಫಾಸ್ಫೀನ್ ಎಂಬ ಆ ಅನಿಲಕ್ಕೆ ಬೆಳ್ಳುಳ್ಳಿಯ ವಾಸನೆ ಇರುತ್ತದೆ. ಇದು ನನಗೆ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಮೊದಲ ದಿನ ಕಲಿಸುವುದೇ ಅದು: ಬೆಳ್ಳುಳ್ಳಿ ನಾತ ಬಂದರೆ ಕೇಳದೆ ಹೊರಗೆ ಓಡಿರಿ. ಆದರೆ ವರ್ಷವಿಡೀ ಬೆಳ್ಳುಳ್ಳಿ ಜಜ್ಜುವ ಕೋಣೆಯಲ್ಲಿ ಆ ವಾಸನೆ ಯಾರನ್ನೂ ಓಡಿಸುವುದಿಲ್ಲ. ಹೊರಗಿನಿಂದ ಬಂದ ಒಬ್ಬರ ಮೂಗಿಗಷ್ಟೇ ಅದು ತಿಳಿಯಿತು. ಅವರು ಹೇಳಿದ್ದನ್ನು ಅತ್ತೆ ಬೇರೆಯೇ ಕೇಳಿಸಿಕೊಂಡರು.

ನೀಲಪ್ಪನಿಗೆ, ಓಡಿಹೋಗಿ ಆ ಕೋಣೆಯಿಂದ ಇಬ್ಬರನ್ನೂ ಹೊರಗೆ ಹಾಕು ಎಂದೆ. ಅವನು ಎಪಿಎಂಸಿಯೊಳಗೆ ಇದ್ದ; ಬರುತ್ತೇನೆ ಎಂದ. ಅತ್ತೆಗೆ ಫೋನು ಮಾಡಿದೆ. ಸ್ವಿಚ್ ಆಫ್. ರೆಹಮತ್‌ಬಿಗೆ ಮಾಡಿದೆ.

“ನಾ ಮನ್ಯಾಗ ಅದೇನಿ ಬೇಟಿ,” ಎಂದಳು. “ನಿನ್ನಿಯಿಂದ ವಾಂತಿ. ಕಸ್ತೂರಕ್ಕ ಬರಬ್ಯಾಡ ಅಂದ್ಲು. ನಾಳಿ ಆ ಬಾಯಿ ತಪ್ಪ ನಿನ್ನ ಕೈಮ್ಯಾಲೆ ಹಾಕಬಾರದು, ನಾನ ಒಬ್ಬಾಕಿ ಮಾಡ್ತೇನಿ, ಬಾಗಲಾ ಕಿಡಕಿ ಹಾಕ್ಕೊಂಡು ಮಾಡ್ತೇನಿ ಅಂದ್ಲು. ಹೊರಗಿಂದ ವಾಸನಿ ಬಂತು ಅನ್ನಾಕ ಯಾರಿಗೂ ಬಾಯಿ ಇರಬಾರದು ಅಂತ. ಯಾಕ? ಏನಾತು?”

ನಾನು ಚಪ್ಪಲಿ ಹಾಕಿಕೊಳ್ಳಲಿಲ್ಲ. ಅದು ಆಟೋದಲ್ಲಿ ಕೂತ ಮೇಲೆ ತಿಳಿಯಿತು.

ಗೋದಾಮಿನ ಮುಂದಿನ ಬಾಗಿಲಿಗೆ ಬೀಗವಿತ್ತು. ಹಿಂದಕ್ಕೆ ಸುತ್ತಿ ಓಡಿದೆ. ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಕಿಟಕಿಯ ಕದಗಳ ನಡುವೆ ಹಸಿ ಬಟ್ಟೆ ತುರುಕಿದ್ದರು. ಅದನ್ನು ಎಷ್ಟು ಅಚ್ಚುಕಟ್ಟಾಗಿ ತುರುಕಿದ್ದರೆಂದರೆ ಒಂದು ಎಳೆಯೂ ಹೊರಗೆ ಬಂದಿರಲಿಲ್ಲ. ಒಳಗೆ ಯಂತ್ರ ಓಡುತ್ತಿತ್ತು.

“ಅತ್ತೀ!” ಬಾಗಿಲು ಬಡಿದೆ. “ಬಾಗಲಾ ತಗೀರಿ!”

ಯಂತ್ರ ನಿಂತಿತು.

“ಯಾರು?” ದನಿ ನಿಧಾನವಾಗಿತ್ತು, ನಿದ್ದೆಯಿಂದ ಎದ್ದವರಂತೆ.

“ನಾನ್ರಿ, ಸುಜಾತಾ. ಲಗೂ ಹೊರಗ ಬರ್ರಿ. ಅದು ಬೆಳ್ಳುಳ್ಳಿ ವಾಸನಿ ಅಲ್ರಿ!”

“ಅದನ್ನ ಹೇಳೇನಲ್ಲ ನಾನೂ,” ಎಂದರು ಒಳಗಿನಿಂದ. “ಬೆಳ್ಳುಳ್ಳಿ ಅಲ್ಲ ಅಂತ.”

“ಗುಳಿಗಿ ವಾಸನಿ ಅದು! ಗೋದಾಮಿನ್ಯಾಗ ಗುಳಿಗಿ ಇಟ್ಟಾರ. ಬರ್ರಿ ಅತ್ತಿ, ಕಾಲ ಬೀಳ್ತೇನಿ.”

“ಇನ್ನೊಂದ ಘಾಣ ಪುಡಿ ಮಾಡೂದೈತಿ. ಬಾಗಲಾ ತಗದ್ರ ವಾಸನಿ ಸೇರ್ತೈತಿ. ಮುಗಿಸಿ ಬರ್ತೇನಿ.”

“ಚಟ್ನಿ ಹಾಳಾಗಿ ಹೋಗ್ಲಿ!”

ಕಾಲೆಳೆಯುವ ಸದ್ದು ಬಾಗಿಲಿನ ಕಡೆ ಬಂತು. ಅಗುಳಿಗೆ ಕೈ ತಾಗಿದ್ದು ತಿಳಿಯಿತು. ಕಬ್ಬಿಣ ಒಮ್ಮೆ ಅಲುಗಿತು. ಆಮೇಲೆ ತಾಟುಗಳು ಬಿದ್ದವು.

ನೀಲಪ್ಪ ಬಂದ. ಇಬ್ಬರೂ ಸೇರಿ ಕಿಟಕಿ ಒಡೆದೆವು. ಒಳಗಿನ ಗಾಳಿ ಮುಖಕ್ಕೆ ಬಂತು. ಬೆಳ್ಳುಳ್ಳಿ, ಅದರ ಅಡಿಯಲ್ಲಿ ಕೊಳೆತ ಮೀನಿನಂಥ ಇನ್ನೊಂದು. ಹೊಸ ಸುಣ್ಣದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಉಸಿರು ಬಿಗಿಹಿಡಿದು ನೀಲಪ್ಪ ಒಳಗೆ ಹಾರಿ ಅಗುಳಿ ತೆಗೆದ. ಅತ್ತೆ ಬಾಗಿಲ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಕೈಕಾಲು ಹಿಡಿದು ಬೇವಿನ ಗಿಡದ ಕೆಳಗೆ ತಂದೆವು. ಉಸಿರಾಡುತ್ತಿದ್ದರು. ಕಣ್ಣು ತೆರೆದರು. ನನ್ನ ಕಾಲು ನೋಡಿದರು.

“ಚಪ್ಪಲ್ ಎಲ್ಲೆವಾ?” ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವರು. ನಾನು ಅನಿಲದ ಹೆಸರು ಹೇಳಿದಾಗ ಅವರ ಮುಖ ಬದಲಾಯಿತು. ನಿಮಗೆ ಹೇಗೆ ಗೊತ್ತು ಎಂದರು. ಹೇಳಿದೆ. ಬಾಗಿಲ ಹೊರಗೆ ಕರೆದುಕೊಂಡು ಹೋದರು.

“ಹಂಗಾರ ನಿಮಗ ಉಳದಿದ್ದೂ ಗೊತ್ತಿರಬೇಕು. ಇದಕ್ಕ ಎದುರು ಔಷಧ ಇಲ್ರಿ. ಆಕ್ಸಿಜನ್ ಕೊಡ್ತೀವಿ, ಬಿ.ಪಿ. ಹಿಡದ ಇಡಾಕ ನೋಡ್ತೀವಿ. ಈಗ ಮಾತಾಡ್ತಾರ, ನಗ್ತಾರ. ಅದನ್ನ ನಂಬಬ್ಯಾಡ್ರಿ. ಹಾರ್ಟ್ ಯಾವಾಗ ಕೈ ಕೊಡ್ತೈತಿ ಹೇಳಾಕ ಬರೂದಿಲ್ಲ. ನಾಳಿ ದಾಟಬೇಕು.”

ಬುಧವಾರ ಬೆಳಿಗ್ಗೆ ಅತ್ತೆ ಎದ್ದು ಕೂತರು. ಮೂಗಿನ ನಳಿಕೆ ಸರಿಸಿ ಚಹಾ ಕೇಳಿದರು. ಪಕ್ಕದ ಮಂಚದವಳ ಜೊತೆ, ಅವಳ ಸೊಸೆ ತಂದ ಉಪ್ಪಿಟ್ಟಿನ ಬಗ್ಗೆ ಮಾತಾಡಿದರು. ನರ್ಸ್ ಬಂದು ಬೈದು ಮಲಗಿಸಿದಳು. ನಾನು ಅವರ ಮಣಿಕಟ್ಟು ಹಿಡಿದು ಕೂತಿದ್ದೆ. ನಾಡಿ ಹಗುರವಾಗಿ, ಬೇಗ ಬೇಗ ಹೋಗುತ್ತಿತ್ತು.

ರಾಜಶೇಖರ ಅವರು ಮೋಸಂಬಿ ಹಿಡಿದು ಬಂದರು. ನಗು ಇರಲಿಲ್ಲ. ಮಂಚದ ಕಾಲ ಬಳಿ ನಿಂತರು.

“ಅವ್ವಾರ, ಹೆಂಗದೀರಿ?”

“ನೀವ ಹೇಳ್ರಿ, ನಿಮ್ಮ ಹುಳಾ ಹೆಂಗ ಅದಾವು?” ಎಂದರು ಅತ್ತೆ.

ಅವರು ನನ್ನನ್ನು ಮೂಲೆಗೆ ಕರೆದರು. ದನಿ ತಗ್ಗಿಸಿದರು.

“ನೀವು ಹೇಳಿದಂಗ ಮಾಡಿದ್ವಿ ಅಕ್ಕಾರ. ಭಾಳ ದಿನ ಮುಚ್ಚಿಡ್ರಿ ಅಂದ್ರಿ, ಇಟ್ವಿ.”

“ಡಬಲ್ ಇಡಬ್ಯಾಡ್ರಿ ಅಂದಿದ್ದೆ. ಅತ್ತಿಗೆ ಹೇಳ್ರಿ ಅಂದಿದ್ದೆ. ಗ್ವಾಡಿ ಮುಚ್ಚಸ್ರಿ ಅಂದಿದ್ದೆ.”

“ಆತು, ಮರ್ತೇವಿ. ಮನಷ್ಯಾರು.” ಅವರು ಬೆವರು ಒರೆಸಿಕೊಂಡರು. “ಪೊಲೀಸ್ರು ಬಂದ್ರ ಮೆಣಸಿನ್ಕಾಯಿ ಘಾಟಿಗೆ ಹಿಂಗಾತು ಅಂತ ಹೇಳ್ರಿ. ಮುಚ್ಚಿದ ಕ್ವಾಣ್ಯಾಗ ಖಾರ ಕುಟ್ಟಾಕತ್ತಿದ್ರು, ಸುಳ್ಳೇನಲ್ಲ. ಗೋದಾಮು ಸೀಲ್ ಆದ್ರ ನಿಮ್ಮ ಅತ್ತಿ ಕ್ವಾಣೀನೂ ಹೋಗ್ತೈತಿ. ವಿಚಾರ ಮಾಡ್ರಿ.”

ಅವರು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ತಾರಾಬಾಯಿಗೆ ಫೋನ್ ಹಚ್ಚು,” ಎಂದರು.

“ಈಗ ಯಾಕ್ರಿ?”

“ನಾ ಬೆಳ್ಳುಳ್ಳಿ ಹಾಕಿದ್ದಿಲ್ಲ ಅಂತ ಅಕಿಗೆ ಗೊತ್ತಾಗಬೇಕು.”

ಹಚ್ಚಿದೆ. ನಡೆದದ್ದನ್ನು ಹೇಳಿದೆ.

“ಅಯ್ಯೋ ನನ್ನವ್ವಾ,” ಎಂದರು ತಾರಾಬಾಯಿ. “ನನಗೂ ಆವತ್ತ ಮನಿಗೆ ಬರೂದ್ರಾಗ ತಲಿ ಸಿಡೀಲಿಕತ್ತಿತ್ತು. ಕಣ್ಣಾಗ ನೀರು. ಅದಕ್ಕ ಸೆರಗ ಹಿಡದೆನವ್ವಾ. ಬ್ಯಾರೆ ಏನೂ ಇಲ್ಲ ನನ್ನ ಮನಸಿನ್ಯಾಗ. ಅವರು ತಪ್ಪ ತಿಳಕೊಂಡ್ರೇನು?”

ಆಸ್ಪತ್ರೆಯ ಹೆಸರು ಹೇಳಿದೆ. ಬರುತ್ತೇನೆ ಎಂದು ಫೋನಿಟ್ಟರು.

“ಏನಂದ್ಲು?” ಅತ್ತೆ ಕೇಳಿದರು.

ಹೇಳಿದೆ. ಅವರು ಚಾವಣಿ ನೋಡುತ್ತ ಮಲಗಿದ್ದರು.

“ಮೂಗು ಛಲೋ ಐತಿ ಅಕೀದು,” ಎಂದರು. “ತಪ್ಪ ತಿಳಕೊಂಡಾಕಿ ನಾನು. ಆದ್ರ ಹೆಂಗ ತಿಳೀಬೇಕಿತ್ತು ಹೇಳು? ಹುಟ್ಟಿದಾಗಿಂದ ಸೆರಗ ಹಿಡದವರನ್ನ ನೋಡೇನಿ. ಒಬ್ಬರೂ ಗ್ಯಾಸಿಗೆ ಹಿಡದಿದ್ದಿಲ್ಲ.”

ನಗಲು ಹೋಗಿ ಕೆಮ್ಮಿದರು. ನನ್ನ ಬೆರಳುಗಳ ಕೆಳಗೆ ನಾಡಿ ತಪ್ಪಿತು. ಒಂದು ಬಡಿತ ಬರಬೇಕಾದಲ್ಲಿ ಬರಲಿಲ್ಲ. ಆಮೇಲೆ ಬಂತು. ಮತ್ತೆ ತಪ್ಪಿತು.

“ಸುಜಾತಾ.”

“ಹೇಳ್ರಿ.”

“ಕ್ವಾಣಿ ಹೋದ್ರ ಹೋಗ್ಲಿ. ಅಂವ ಹೇಳಿದ್ದ ನೀ ಹೇಳಬ್ಯಾಡ.”

ಮುಂದಿನ ಬಡಿತ ಬರಲೇ ಇಲ್ಲ. ಕೂಗಿದೆ. ನನ್ನ ಕೂಗು ನನಗೇ ದೊಡ್ಡದಾಗಿ ಕೇಳಿಸಿತು. ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು. ನರ್ಸ್ ಬಂದಳು, ಡಾಕ್ಟರು ಬಂದರು, ನನ್ನನ್ನು ಪರದೆಯ ಆಚೆ ತಳ್ಳಿದರು. ಪರದೆಯ ಕೆಳಗೆ ಅವರ ಕಾಲುಗಳು ಓಡಾಡುವುದು ಕಾಣುತ್ತಿತ್ತು. ಬಹಳ ಹೊತ್ತು ಓಡಾಡಿದವು. ಆಮೇಲೆ ಎಲ್ಲ ಕಾಲುಗಳೂ ನಿಂತವು.

ಡಾಕ್ಟರು ಹೊರಬಂದು ಮಾಸ್ಕ್ ತೆಗೆದರು. ಅವರ ಬೆನ್ನ ಹಿಂದೆಯೇ ಠಾಣೆಯವರು ನಿಂತಿದ್ದರು, ಯಾವಾಗ ಬಂದರೋ. ರಾಜಶೇಖರ ಅವರೂ ಬೆಂಚಿನಿಂದ ಎದ್ದು ಬಂದಿದ್ದರು.

“ನೀವು ಮಗಳೇನ್ರಿ?” ಎಂದರು ಪೊಲೀಸರು.

“ಸೊಸಿ.”

“ಖಾರದ ಘಾಟಿಗೆ ಆತು ಅಂತ ಇವರು ಹೇಳಾಕತ್ತಾರ. ಹೌದೇನು?”

“ಅಲ್ರಿ,” ಎಂದೆ. ಗುಳಿಗೆಯ ಹೆಸರು ಹೇಳಿದೆ, ಅದರಿಂದ ಏಳುವ ಅನಿಲದ ಹೆಸರು ಹೇಳಿದೆ. ಗೋಡೆಯ ಮೇಲಿನ ಸಂದಿ, ಅದಕ್ಕೆ ತುರುಕಿದ ಗೋಣಿಚೀಲ, ಶನಿವಾರ ಸಂಜೆ, ಎರಡು ಪಟ್ಟು, ಹೇಳದೆ ಉಳಿದದ್ದು. ನಾನು ಅವರಿಗೆ ಏನು ಹೇಳಿದ್ದೆ, ಯಾರ ಮುಂದೆ ಹೇಳಿದ್ದೆ. ನೀಲಪ್ಪನನ್ನು ಕೇಳಿರಿ ಎಂದೆ. ತಾರಾಬಾಯಿ ಬರುತ್ತಿದ್ದಾರೆ, ಅವರನ್ನೂ ಕೇಳಿರಿ ಎಂದೆ. ಎಲ್ಲಿಯೂ ತಡವರಿಸಲಿಲ್ಲ. ಹೇಳುತ್ತ ಹೇಳುತ್ತ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವುದು ಹೊಳೆಯಲಿಲ್ಲ.

ನನ್ನ ಮಾತು ಮುಗಿಯುವವರೆಗೆ ರಾಜಶೇಖರ ಅವರು ಅಲ್ಲೇ ನಿಂತಿದ್ದರು. ಆಮೇಲೆ ಫೋನು ತೆಗೆದು ಕಾರಿಡಾರಿನ ತುದಿಗೆ ನಡೆದರು. ಅವರ ದನಿ ಅಲ್ಲಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

“ತಾಡಪತ್ರಿ ಕಿತ್ತ ಒಗೀರಿ. ಇದ್ದ ಬದ್ದ ಲಾರಿ ಕರಸ್ರಿ. ಸಂಜಿಯೊಳಗ ಒಂದ ಚೀಲ ಅಲ್ಲಿ ಉಳೀಬಾರದು.”

ನಾನು ಅವರ ಹಿಂದೆ ಓಡಿದೆ. ಹಮಾಲರು ಈಗ ಒಳಗೆ ಹೋಗಬಾರದು ಎಂದು ಕೂಗಿ ಹೇಳಿದೆ. ಅವರು ತಿರುಗಿ ನೋಡದೆ ಮೆಟ್ಟಿಲು ಇಳಿಯುತ್ತಿದ್ದರು. ನೀಲಪ್ಪನ ನಂಬರಿಗೆ ಮಾಡಿದೆ. ರಿಂಗಾಯಿತು. ಮತ್ತೆ ಮಾಡಿದೆ. ಯಾರೋ ಎತ್ತಿದರು, ತಗಡಿನ ಬಾಗಿಲು ಎಳೆಯುವ ಸದ್ದು, ಗಂಡಸರ ಗದ್ದಲ, ಕೆಮ್ಮು.

“ನೀಲಪ್ಪಾ, ಹೊರಗ ಬಾ,” ಎಂದೆ. “ಎಲ್ಲಾರನ್ನೂ ಹೊರಗ ಕರಕೊಂಡ ಬಾ.”

“ಕೇಳಸವಲ್ದ್ರಿ ಅಕ್ಕಾರ,” ಎಂದ. “ಒಳಗ ಅದೇನಿ.”